ಸರ್ವರ್ ಮಾಣಿ

ಸರ್ವರ್ ಮಾಣಿ ಎಂಬ ಪ್ರಭೇದವು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಹವ್ಯಕರ ಮಾತಿನಲ್ಲಿ ಮಾಣಿ ಎಂದರೆ ಹುಡುಗ. ಉಡುಪಿ ಹೋಟೆಲಿನಲ್ಲಿ ಮಾಣಿ ಎಂದರೆ ತಿಂಡಿ ತಂದಿಡುವವನು. ಅವನನ್ನೇ ಬೆಂಗಳೂರಿನಲ್ಲಿ ಸರ್ವರ್ ಎನ್ನುವುದುಂಟು. ಒಂದೇ ಕಸುಬನ್ನು ಎರಡು ಸಲ ಹೇಳಿದ ಹಾಗೆ ಕೇಳಿಸಿದರೂ ವ್ಯತ್ಯಾಸ ದೊಡ್ಡದು. ಹೋಟೆಲಿನವನು ಕೇಳಿದ್ದನ್ನು ತಂದುಕೊಡುತ್ತಾನೆ, ಇವನು ಯಾರೂ ಕೇಳದ್ದನ್ನು. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ದಾಟಿ ಹೇಗೋ ಊರು ಸೇರಿದವನು ಮತ್ತೆ ಬೆಂಗಳೂರಿಗೆ ಹಿಂದಿರುಗಿಲ್ಲ. ಹಗಲು ಮಾಳಿಗೆಯಲ್ಲಿ ಕೂತು ಕಂಪನಿಯ ಕೆಲಸ, ಸಂಜೆ ಊರಿನ ಉದ್ಧಾರ.

ಉದ್ಧಾರದ ಸಾಧನ ವಿಕಿ. ಓದುವವರೇ ತಿದ್ದಬಹುದಾದ ಇಂಥ ಮೊದಲ ತಾಣವನ್ನು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ತೆರೆದ. ಹೆಸರು ಸಿಕ್ಕಿದ್ದು ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನಿಂದ. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ದೇವಸ್ಥಾನದ ಸಮಿತಿಯೊಂದರಲ್ಲಿ ಈ ಅರ್ಥವನ್ನು ವಿವರಿಸಿದಾಗ ಯಾರೂ ನಗಲಿಲ್ಲವೆಂಬುದು ಆ ಸಮಿತಿಯ ಸಭ್ಯತೆಗೆ ಸಾಕ್ಷಿ. ವಿಕಿ ಎಂಬ ಶಬ್ದ ಮಾತ್ರ ಇಲ್ಲಿಗೆ ಹೊಸತಲ್ಲ. ಕೇರಳದ ಶಾಲೆಗಳ ವಿವರ ತುಂಬುವ ಸ್ಕೂಲ್‌ವಿಕಿ 2009ರಿಂದ ಇದೆ, ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲೇ ಅದೂ ನಡೆಯುತ್ತದೆ. ಶಾಲೆಯ ಪುಟಕ್ಕೆ ಫೋಟೋ ಏರಿಸುವುದೆಂದರೆ ಏನೆಂದು ಇಲ್ಲಿನ ಮಾಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಮಾಣಿಯನ್ನು ಕಂಡರೆ ಅವರು ದಾರಿ ಬದಲಿಸುವುದು ಅದಕ್ಕೇ.

ಬ್ರಹ್ಮಕಲಶೋತ್ಸವ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ‘ಕಳೆದ ಸಲ ಚಪ್ಪರದವನಿಗೆ ಎಷ್ಟು ಕೊಟ್ಟದ್ದು?’ ಎಂದು ಕೇಳುವುದರೊಂದಿಗೆ ಲಕ್ಷಣಗಳು ಪ್ರಕಟವಾಗುತ್ತವೆ. ಉತ್ತರ ನಿವೃತ್ತ ಮಾಷ್ಟ್ರೊಬ್ಬರ ನಿರ್ಣಯ ಪುಸ್ತಕದಲ್ಲಿ ಇದೆ, ಒಂದು ಫೋನು ಮಾಡಿದರೆ ಸಿಗುತ್ತದೆ. ಮಾಣಿಗೆ ಇದು ಉತ್ತರವಲ್ಲ, ರೋಗ. ಮಾಹಿತಿ ಒಬ್ಬರ ಕಪಾಟಿನಲ್ಲಿ ಇರಬಾರದು, ಎಲ್ಲರ ಕೈಗೂ ಸಿಗಬೇಕು, ಅದೂ ಯಾವುದೋ ದೇಶದ ಕಂಪನಿಯ ಕೈಯಲ್ಲಿ ಅಲ್ಲ, ನಮ್ಮದೇ ಯಂತ್ರದಲ್ಲಿ. ಮಾತು ಸರಿ. ಅವನ ಮಾತುಗಳು ಯಾವಾಗಲೂ ಸರಿಯೇ ಇರುತ್ತವೆ, ತೊಂದರೆ ಅಲ್ಲಿಂದಲೇ.

ತಂತ್ರಾಂಶದ ಆಯ್ಕೆಗೆ ಅಡಿಕೆ ವ್ಯಾಪಾರಿ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರ್ಪಡಿಸುವಷ್ಟೇ ನಿಷ್ಠೆ ಬೇಕಾಗುತ್ತದೆ. ಡೋಕುವಿಕಿಗೆ ದತ್ತಸಂಚಯವೇ ಬೇಡ, ಪುಟಗಳೆಲ್ಲ ಬರೀ ಪಠ್ಯದ ಕಡತಗಳು; ಇಷ್ಟು ಸುಲಭವಾದದ್ದರಲ್ಲಿ ಮರ್ಯಾದೆ ಇಲ್ಲ. ಬುಕ್‌ಸ್ಟ್ಯಾಕಿನಲ್ಲಿ ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂಬ ಕ್ರಮವಿದೆ, ಆದರೆ ಕಪಾಟನ್ನು ಬಿಡಿಸಬೇಕೆಂದೇ ಹೊರಟವನಿಗೆ ಅದು ಹಿಡಿಸುವುದಿಲ್ಲ. ಕೊನೆಗೆ ಮೀಡಿಯಾವಿಕಿಯೇ. ಲಿನಕ್ಸ್, ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ ನಾಲ್ಕೂ ಬೇಕಾಗುವುದು ಅವನ ದೃಷ್ಟಿಯಲ್ಲಿ ಅದರ ದೊಡ್ಡ ಗುಣ.

ಯಂತ್ರವೆಂದರೆ ತಂಗಿ ಕಾಲೇಜಿಗೆ ಹೋಗುವಾಗ ತೆಗೆದ ಡೆಸ್ಕ್‌ಟಾಪ್. ಅದು ಅಟ್ಟದಲ್ಲಿ, ಅಡಿಕೆಯ ಗೋಣಿಗಳ ಪಕ್ಕದಲ್ಲಿ, ಇಲಿಬೋನಿನ ಎದುರು ಪ್ರತಿಷ್ಠಾಪನೆಗೊಳ್ಳುತ್ತದೆ. ಅಟ್ಟದ ಯಂತ್ರ ಹೊರಗಿನವರಿಗೆ ಕಾಣುವುದಿಲ್ಲವೆಂಬುದು ಎರಡನೆಯ ರಾತ್ರಿ ತಿಳಿಯುತ್ತದೆ. ಇಂಟರ್ನೆಟ್ ಕೊಡುವವನು ಒಂದೇ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚಿರುತ್ತಾನೆ. ಹೊರಗಿನಿಂದ ಬಂದ ಕರೆ ಯಾವ ಮನೆಗೆ ಎಂದು ಗೊತ್ತಾಗದೆ ದಾರಿಯಲ್ಲೇ ಸಾಯುತ್ತದೆ. ಇದಕ್ಕೆ ತಿಂಗಳ ಬಾಡಿಗೆಗೆ ಹೊರಗೊಂದು ಪುಟ್ಟ ಸರ್ವರ್ ಹಿಡಿದು ಅಲ್ಲಿಂದ ಅಟ್ಟದವರೆಗೆ ಸುರಂಗ ಕೊರೆಯಬೇಕಾಗುತ್ತದೆ. ಹೇಗೂ ಬಾಡಿಗೆ ಕೊಡುವುದಾದರೆ ವಿಕಿಯನ್ನು ಅಲ್ಲೇ ಇಡಬಹುದಲ್ಲ ಎಂದು ಕೇಳಿದ ಭಾವನೊಂದಿಗೆ ಮಾಣಿ ಎರಡು ದಿನ ಮಾತು ಬಿಟ್ಟದ್ದೂ ಉಂಟು. ಸುರಂಗದಿಂದ ನೀರು ತರುವುದು ಕಾಸರಗೋಡಿನವರ ರಕ್ತದಲ್ಲೇ ಇರುವಾಗ ಇಂಥ ಪ್ರಶ್ನೆ ಸಲ್ಲದು.

ವಿನ್ಯಾಸದ ಹಂತದಲ್ಲಿ ಅತ್ಯಂತ ಕಷ್ಟದ್ದು ಹಕ್ಕುಗಳ ಹಂಚಿಕೆ. ಮೀಡಿಯಾವಿಕಿಯ ಸೆಟ್ಟಿಂಗಿನ ಕಡತದಲ್ಲಿ ಒಂದು ಸಾಲು ಬರೆದರೆ ಹೊರಗಿನವರು ತಿದ್ದದಂತೆ ತಡೆಯಬಹುದು. ಒಳಗಿನವರನ್ನು ತಡೆಯುವುದು ಹೇಗೆಂದು ಯಾವ ಕೈಪಿಡಿಯಲ್ಲೂ ಇಲ್ಲ. ಬ್ರಹ್ಮಕಲಶ ಸಮಿತಿಗೆ ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಹೊರೆಕಾಣಿಕೆ, ಪಾಕಶಾಲೆ, ಚಪ್ಪರ, ಪ್ರಚಾರ ಎಂಬ ಉಪಸಮಿತಿಗಳು, ಒಂದೊಂದಕ್ಕೂ ಸಂಚಾಲಕರು. ಸಂಚಾಲಕರಿಗೆ ತಿದ್ದುವ ಹಕ್ಕು ಇದ್ದು ಗೌರವಾಧ್ಯಕ್ಷರಿಗೆ ಓದುವ ಹಕ್ಕು ಮಾತ್ರ ಎಂದಾದರೆ ಕಲಶಕ್ಕೆ ಮೊದಲೇ ಸಮಿತಿ ಒಡೆಯುತ್ತದೆ. ಮಾಣಿ ಇದಕ್ಕೆ ‘ಗೌರವ ನಿರ್ವಾಹಕ’ ಎಂಬ ಹೊಸ ಗುಂಪನ್ನು ಸೃಷ್ಟಿಸುತ್ತಾನೆ. ಹೆಸರಿನ ಪಕ್ಕದಲ್ಲಿ ಬಿರುದು ಕಾಣಿಸುತ್ತದೆ, ಹಕ್ಕು ಒಂದೂ ಇಲ್ಲ. ಊರಿನ ಪದ್ಧತಿಯನ್ನು ತಂತ್ರಜ್ಞಾನ ಇಷ್ಟು ನಿಖರವಾಗಿ ಹಿಡಿದದ್ದು ಬೇರೆಲ್ಲೂ ಕಾಣದು.

ಭಾಷೆಯ ಸಮಸ್ಯೆ ಇನ್ನೊಂದು ಬಗೆಯದು. ಸಭೆ ತುಳುವಿನಲ್ಲಿ, ಬರವಣಿಗೆ ಕನ್ನಡದಲ್ಲಿ, ಪಂಚಾಯತಿಗೆ ಹೋಗುವ ಅರ್ಜಿ ಮಲಯಾಳದಲ್ಲಿ. ಮೀಡಿಯಾವಿಕಿ ಈ ಮೂರನ್ನೂ ಬಲ್ಲದು. ತುಳು ವಿಕಿಪೀಡಿಯವೇ 2016ರಿಂದ ಇದೆ. ಕಾಟ ಬರುವುದು ಕಣ್ಣಿಗೆ ಕಾಣದ ಅಕ್ಷರದಿಂದ. ‘ಬ್ಯಾಂಕ್’ ಎಂದು ಟೈಪು ಮಾಡುವಾಗ ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ಹಿಂದೆ ಒಂದು ಅದೃಶ್ಯ ಚಿಹ್ನೆಯನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಶಬ್ದ. ಹೀಗೆ ಕೋಶಾಧಿಕಾರಿಯ ಬ್ಯಾಂಕ್ ಪುಟ ಒಂದು, ಕಾರ್ಯದರ್ಶಿಯ ಬ್ಯಾಂಕ್ ಪುಟ ಇನ್ನೊಂದು. ಎರಡರಲ್ಲೂ ಶಿಲ್ಕು ಬೇರೆ ಬೇರೆ. ಸಮಿತಿಗೆ ಎರಡು ಖಾತೆ ಉಂಟಂತೆ ಎಂಬ ಸುದ್ದಿ ಕುಂಬಳೆ ಪೇಟೆ ತಲುಪುವುದಕ್ಕೆ ಒಂದು ಸಂಜೆ ಸಾಕು.

ಉದ್ಘಾಟನೆ ಸಭೆಯ ಕೊನೆಯಲ್ಲಿ, ಸಜ್ಜಿಗೆ ಅವಲಕ್ಕಿಗೆ ಎಲ್ಲರೂ ಏಳುವ ಹೊತ್ತಿಗೆ ನಡೆಯುತ್ತದೆ. ಗುಪ್ತಪದ ಬರೆದ ಚೀಟಿಗಳು ಅಂಗಿಯ ಕಿಸೆ ಸೇರಿ ಮರುದಿನ ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಗುತ್ತವೆ. ಮರೆತವರಿಗೆ ಹೊಸ ಗುಪ್ತಪದದ ಮಿಂಚಂಚೆ ಕಳಿಸಲು ಅಟ್ಟದ ಯಂತ್ರಕ್ಕೆ ಆಗುವುದಿಲ್ಲ. ಮನೆಯಿಂದ ಹೊರಟ ಅಂಚೆಯನ್ನು ದೊಡ್ಡ ಕಂಪನಿಗಳ ಸರ್ವರುಗಳು ನಂಬುವುದಿಲ್ಲ. ಹಾಗಾಗಿ ಗುಪ್ತಪದಗಳೆಲ್ಲ ವಾಟ್ಸಾಪ್ ಗುಂಪಿನಲ್ಲೇ ಪ್ರಕಟವಾಗುತ್ತವೆ. ಆಮೇಲೆ ಬರುವುದು ಧ್ವನಿ ಸಂದೇಶಗಳು: ‘ಮಾಣೀ, ಹೊರೆಕಾಣಿಕೆಯ ಲೆಕ್ಕ ಹೇಳ್ತೇನೆ, ಅದನ್ನೊಂದು ನಿನ್ನ ಅದರಲ್ಲಿ ಹಾಕು.’ ತೆಂಗಿನಕಾಯಿ ಎಷ್ಟು, ಬಾಳೆಗೊನೆ ಎಷ್ಟು, ಅಕ್ಕಿ ಎಷ್ಟು ಮುಡಿ ಎಂದು ಅವನು ರಾತ್ರಿ ಕೂತು ಹಾಕುತ್ತಾನೆ. ಇತ್ತೀಚಿನ ಬದಲಾವಣೆಗಳ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ನಿವೃತ್ತ ಮಾಷ್ಟ್ರು ಮಾತ್ರ ಆಸಕ್ತಿ ತೋರಿಸುತ್ತಾರೆ: ‘ಮೊಬೈಲಿನಲ್ಲಿ ಓದಲಿಕ್ಕೆ ಕಣ್ಣು ಹಿಡಿಯುವುದಿಲ್ಲ, ಒಂದೊಂದು ಪ್ರಿಂಟ್ ತೆಗೆದು ಕೊಡು.’ ಕೊಟ್ಟದ್ದನ್ನು ಅವರು ಗೋಂದು ಹಚ್ಚಿ ನಿರ್ಣಯ ಪುಸ್ತಕಕ್ಕೆ ಅಂಟಿಸುತ್ತಾರೆ, ಪಕ್ಕದಲ್ಲಿ ತಾರೀಕು ಹಾಕುತ್ತಾರೆ.

ಇಂಥ ಸರ್ವರಿನ ಆಯುಷ್ಯ ಪತ್ತನಾಜೆಯ ಆಚೀಚೆಗೆ ಮುಗಿಯುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಆ ದಿನಗಳಲ್ಲಿ ಸಂಜೆಯ ಗುಡುಗು ಕೇಳಿದ ಕೂಡಲೇ ಮನೆಯ ಅಮ್ಮಂದಿರು ಟಿವಿ, ಫ್ರಿಜ್ಜು, ಪಂಪು ಎಂದು ಒಂದೊಂದಾಗಿ ಪ್ಲಗ್ಗು ಕಿತ್ತು ಬರುತ್ತಾರೆ. ಅಟ್ಟದ್ದು ನೆನಪಾಗುವುದು ಸಿಡಿಲು ಬಡಿದ ಮೇಲೆ. ಬ್ಯಾಕಪ್ ದಿನಾ ರಾತ್ರಿ ಎರಡು ಗಂಟೆಗೆ ತಪ್ಪದೆ ಆಗುತ್ತಿತ್ತು, ಅದೇ ಹಾರ್ಡ್‌ಡಿಸ್ಕಿಗೆ.

ಮರುದಿನ ಮಾಣಿ ಮಾಷ್ಟ್ರ ಮನೆಯ ಜಗಲಿಯಲ್ಲಿ ಕಾಣಸಿಗುತ್ತಾನೆ. ಮಾಷ್ಟ್ರು ಕಪಾಟಿನ ಬೀಗ ತೆಗೆದು ಗೋಂದಿನಿಂದ ದಪ್ಪವಾದ ನಿರ್ಣಯ ಪುಸ್ತಕವನ್ನು ಹೊರಗಿಡುತ್ತಾರೆ, ಇನ್ನೊಂದು ಸಣ್ಣ ಪುಸ್ತಕದಲ್ಲಿ ಪುಟಗಳ ಸಂಖ್ಯೆ, ಒಯ್ಯುವ ತಾರೀಕು, ಹಿಂದೆ ಕೊಡುವ ತಾರೀಕು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಮಾಣಿ ಅದನ್ನು ಚೀಲದಲ್ಲಿಟ್ಟು ಬಸ್ಸಿಗೆ ಕಾಯುವಾಗ ಮೊಬೈಲಿನಲ್ಲಿ ವಿಕಿ ಡಾಟ್ ಜೆಎಸ್ ಎಂಬ ಹೊಸ ತಂತ್ರಾಂಶದ ಬಗ್ಗೆ ಓದುತ್ತಿರುತ್ತಾನೆ.