ಐದರ ಫ್ಯಾಕ್ಟೋರಿಯಲ್: ಡಿಪ್ಲೊಮಾ ರೆಕಾರ್ಡುಗಳ ಒಂದು ಗ್ರಂಥಸಂಪಾದನಾತ್ಮಕ ಅಧ್ಯಯನ

ಪೀಠಿಕೆ

ಪ್ರಸ್ತುತ ಪ್ರಬಂಧವು ಪಾಲಿಟೆಕ್ನಿಕ್ಕುಗಳ ಕಂಪ್ಯೂಟರ್ ವಿಭಾಗದಲ್ಲಿ ದೊರೆಯುವ ‘ಲ್ಯಾಬ್ ರೆಕಾರ್ಡ್’ ಎಂಬ ಹಸ್ತಪ್ರತಿ ಸಂಪತ್ತನ್ನು ಬಹುಶಿಸ್ತೀಯ, ಅಂತರ್‌ಶಿಸ್ತೀಯ ಹಾಗೂ (ಪ್ರಾಂಶುಪಾಲರು ರೌಂಡಿಗೆ ಬಂದಾಗ ಮಾತ್ರ) ಶಿಸ್ತೀಯ ನೆಲೆಗಳಲ್ಲಿ ಅನುಸಂಧಾನಿಸುವ ವಿನಮ್ರ ಯತ್ನವಾಗಿದೆ.

ಓಲೆಗರಿಯ ಕಾಲ ಮುಗಿಯಿತು, ಲಿಪಿಕಾರರ ಸಂತತಿ ಅಳಿಯಿತು ಎಂಬುದು ವಿದ್ವಾಂಸರ ನಂಬಿಕೆ. ಇದು ಸಾಧುವಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮೂರು ವರ್ಷದ, ಆರು ಸೆಮಿಸ್ಟರಿನ ಡಿಪ್ಲೊಮಾ ಸೇರಿದ ಪ್ರತಿಯೊಬ್ಬರೂ ಲಿಪಿಕಾರರೇ. ಲೋಕವೆಲ್ಲ ಕೈಬರಹ ಬಿಟ್ಟು ಕಂಪ್ಯೂಟರಿಗೆ ಬರುತ್ತಿರುವಾಗ, ಕಂಪ್ಯೂಟರ್ ಕಲಿಯಲೆಂದೇ ಬಂದವರು ಮಾತ್ರ ಅದನ್ನು ಬಿಟ್ಟು ಕೈಬರಹಕ್ಕೆ ಹೋಗುತ್ತಾರೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಹಳಗನ್ನಡ ಕೃತಿಗಳ ಪಾಠ ಪರಿಷ್ಕರಣಕ್ಕೆ ದಾರಿ ತೋರಿದೆಯಾದರೂ ಬಬಲ್ ಸಾರ್ಟಿನ ಪಾಠ ಪರಿಷ್ಕರಣದ ಬಗ್ಗೆ ಮೌನ ತಾಳಿದೆ. ಆ ಕೊರತೆಯನ್ನು ತುಂಬುವುದೇ ಇಲ್ಲಿನ ಆಶಯ.

ಸಂಶೋಧಕನ ಅರ್ಹತೆ: ಇಂಥ ಕಾಲೇಜಿನಲ್ಲಿ ಮೂರು ವರ್ಷ ರೆಕಾರ್ಡ್ ಬರೆದದ್ದು, ಆಮೇಲೆ ಅತಿಥಿ ಉಪನ್ಯಾಸಕನಾಗಿ ಹನ್ನೊಂದು ವರ್ಷ ರೆಕಾರ್ಡಿಗೆ ಸಹಿ ಹಾಕಿದ್ದು. ಹನ್ನೊಂದು ವರ್ಷ ಉಳಿದವನನ್ನು ಅತಿಥಿ ಎಂದು ಕರೆಯುವುದು ಜಗತ್ತಿನ ಇನ್ನಾವ ಮನೆಯಲ್ಲೂ ಇಲ್ಲ. ಆದರೆ ಅದು ಬೇರೆ ಪ್ರಬಂಧದ ವಸ್ತು.

ಅಧ್ಯಾಯ 1: ಹಸ್ತಪ್ರತಿಯ ಬಾಹ್ಯ ಸ್ವರೂಪ

ಕಂದು ಬೈಂಡಿನ ರಕ್ಷಾಪುಟ, ಮೇಲೆ ಲೇಬಲ್ಲು. ಒಳಗೆ ಒಂದು ಮಗ್ಗುಲು ಗೆರೆ, ಇನ್ನೊಂದು ಮಗ್ಗುಲು ಬಿಳಿ. ಗೆರೆಯ ಪುಟದಲ್ಲಿ ನೀಲಿ ಶಾಯಿಯ ಪ್ರೋಗ್ರಾಮು. ಬಿಳಿಯ ಪುಟದಲ್ಲಿ ಪೆನ್ಸಿಲಿನ ಫ್ಲೋಚಾರ್ಟು: ಆರಂಭಕ್ಕೆ ಅಂಡಾಕಾರ, ಪ್ರಶ್ನೆ ಬಂದಲ್ಲಿ ಶಂಕರಪೋಳಿಯ ಆಕಾರ. ಸ್ಕೇಲಿಡದೆ ಎಳೆದ ಶಂಕರಪೋಳಿಗೆ ಸಹಿ ಇಲ್ಲ. ಅದರ ಕೆಳಗೆ ಔಟ್‌ಪುಟ್. ಔಟ್‌ಪುಟ್ ಎಂದರೆ ಯಂತ್ರ ಕೊಡುವ ಉತ್ತರವೆಂದು ಪಾಮರರು ತಿಳಿದಿದ್ದಾರೆ. ಶಾಸ್ತ್ರದ ಪ್ರಕಾರ ಅದು ಪೆನ್ಸಿಲಿನಲ್ಲಿ ಬರೆಯುವಂಥದ್ದು.

ಅಧ್ಯಾಯ 2: ಪ್ರತಿಗಳ ವಂಶವೃಕ್ಷ

ಲಭ್ಯ ಪ್ರತಿಗಳನ್ನು ಐದು ಬಗೆಯಾಗಿ ವರ್ಗೀಕರಿಸಬಹುದು.

ಮೊದಲನೆಯದು ಮಾತೃಕೆ. ಮೊದಲ ಬ್ಯಾಚಿನ ಯಾರೋ ನಿಜವಾಗಿ ಪ್ರೋಗ್ರಾಮು ಓಡಿಸಿ ನೋಡಿ ಬರೆದದ್ದು. ಇದು ಉಪಲಬ್ಧವಿಲ್ಲ, ಇತ್ತೆಂದು ಊಹಿಸಬೇಕು.

ಎರಡನೆಯದು ಸೀನಿಯರ್ ಪ್ರತಿ. ಹಾಸ್ಟೆಲಿನ ಟ್ರಂಕಿನಿಂದ ಟ್ರಂಕಿಗೆ ಹಸ್ತಾಂತರಗೊಳ್ಳುವ ಇದಕ್ಕೆ ಬದಲಾಗಿ ಒಂದು ಪ್ಲೇಟ್ ಗೋಬಿ ಮಂಚೂರಿ ಸಲ್ಲುತ್ತದೆ.

ಮೂರನೆಯದು ಬಸ್ ಪ್ರತಿ. ಸಬ್ಮಿಷನ್ ದಿನ ಬೆಳಗ್ಗೆ ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟು ಬರೆದದ್ದು. ರಸ್ತೆಯ ಹಂಪುಗಳ ಆಧಾರದಿಂದಲೇ ಲಿಪಿಕಾರನ ಊರನ್ನು ನಿರ್ಣಯಿಸಬಹುದು.

ನಾಲ್ಕು, ಐದು ಮೂರರ ಹಾಗೆಯೇ. ಐದು ಎಂದು ಬರೆದದ್ದು, ಐದಿದ್ದರೆ ಮಾರ್ಗದರ್ಶಕರಿಗೆ ಸಮಾಧಾನವಾಗುತ್ತದೆಂದು.

ಅಧ್ಯಾಯ 3: ಪಾಠಾಂತರ, ಸ್ಖಾಲಿತ್ಯ, ಅಂಕಿತ

ಸ್ಕ್ಯಾನ್‌ಎಫ್ ಎಂಬ ಪದದ ಮುಂದಿನ ಆವರಣದೊಳಗೆ ಬರುವ ಆಂಪರ್‌ಸ್ಯಾಂಡ್ ಚಿಹ್ನೆಯ ಚರಿತ್ರೆ ಹೃದಯವಿದ್ರಾವಕವಾದುದು. ಹಳೆಯ ಪ್ರತಿಗಳಲ್ಲಿ ಅದು ಸ್ಫುಟವಾಗಿದೆ. ಎರಡು ಬ್ಯಾಚ್ ಕಳೆದರೆ ಬಾಲ ಮೊಟಕಾಗುತ್ತದೆ. ಏಳನೆಯ ಬ್ಯಾಚಿನ ಹೊತ್ತಿಗೆ ಅದು ಎಂಟು ಎಂಬ ಅಂಕಿಯೇ ಆಗಿದೆ. ‘ಎಂಟು ಎನ್’ ಎಂದರೇನೆಂದು ಯಾರೂ ಕೇಳಲಿಲ್ಲ. ಏಳು ಬ್ಯಾಚಿಗೂ ಸಹಿ ಬಿದ್ದಿದೆ, ಕೆಂಪು ಶಾಯಿಯಲ್ಲಿ. ಕೆಲವು ಸಹಿ ನನ್ನವೇ.

ಇನ್ನು ಅಂಕಿತ. ಹೆಸರಿನ ಅಕ್ಷರ ಎಣಿಸುವ ಪ್ರೋಗ್ರಾಮಿನ ಔಟ್‌ಪುಟ್ಟಿನಲ್ಲಿ ನಮ್ಮ ಕಾಲೇಜಿನ ಎಲ್ಲ ರೆಕಾರ್ಡುಗಳಲ್ಲೂ ಒಬ್ಬನದೇ ಹೆಸರಿದೆ. ಹುಡುಗಿಯರ ರೆಕಾರ್ಡಿನಲ್ಲೂ ಅವನೇ. ಅವನನ್ನು ಕಂಡವರಿಲ್ಲ. ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ವಚನದ ಕೊನೆಗೆ ಇಡುತ್ತಿದ್ದಂತೆ, ನಮ್ಮ ಮಕ್ಕಳು ಹದಿಮೂರನೆಯ ಪ್ರೋಗ್ರಾಮಿನ ಕೊನೆಗೆ ಅವನನ್ನು ಇಟ್ಟು ನಮಿಸುತ್ತಾ ಬಂದಿದ್ದಾರೆ.

ಅಧ್ಯಾಯ 4: ಗರ್ಭಗುಡಿ ಮತ್ತು ಆಚರಣೆಗಳು

ಲ್ಯಾಬಿಗೆ ಚಪ್ಪಲಿ ನಿಷಿದ್ಧ. ಒಳಗೆ ತಂಪು, ಅದು ಯಂತ್ರಗಳಿಗೆ, ನಮಗಲ್ಲ. ಇಪ್ಪತ್ತು ಕಂಪ್ಯೂಟರಿನಲ್ಲಿ ಒಂಬತ್ತಕ್ಕೆ ಸದಾ ಮುಸುಕು. ಉಳಿದವುಗಳ ಮುಂದೆ ಮೂವರು ಮೂವರು: ಒಬ್ಬ ಟೈಪಿಸುವವ, ಒಬ್ಬ ನೋಡುವವ, ಒಬ್ಬ ಅಲ್ಲೇ ಕೂತು ರೆಕಾರ್ಡ್ ಬರೆಯುವವ. ಎಲ್ಲ ಮುಸುಕುಗಳೂ ಒಟ್ಟಿಗೆ ಸರಿಯುವುದು ಆಯುಧಪೂಜೆಯಂದು; ಮಾನಿಟರಿಗೆ ಕುಂಕುಮ, ಸಿಪಿಯುಗೆ ಚೆಂಡುಹೂವು, ಯುಪಿಎಸ್ ಮುಂದೆ ನಿಂಬೆಹಣ್ಣು.

ಆರಾಧ್ಯಮೂರ್ತಿ ಟರ್ಬೊ ಸಿ. ನೀಲಿ ಹಿನ್ನೆಲೆ, ಹಳದಿ ಅಕ್ಷರ. ಬೋರ್ಲ್ಯಾಂಡ್ ಕಂಪನಿ ಟರ್ಬೊ ಸಿ ತಂದದ್ದು 1987ರಲ್ಲಿ, ಟರ್ಬೊ ಸಿ ಪ್ಲಸ್ ಪ್ಲಸ್ 1990ರಲ್ಲಿ. 64 ಬಿಟ್ಟಿನ ವಿಂಡೋಸ್ ಬಂದ ಮೇಲೆ ಈ 16 ಬಿಟ್ಟಿನ ದೇವರಿಗೆ ನೇರ ಪ್ರವೇಶ ತಪ್ಪಿತು. ಆಗ ಡಾಸ್‌ಬಾಕ್ಸ್ ಎಂಬ ಗಾಜಿನ ಪೆಟ್ಟಿಗೆಯೊಳಗೆ ಪ್ರತಿಷ್ಠಾಪಿಸಿ ಪೂಜೆ ಮುಂದುವರಿಸಿದೆವು. ಆರಂಭಕ್ಕೆ ‘ಕ್ಲಿಯರ್‌ಸ್ಕ್ರೀನ್’, ಅಂತ್ಯಕ್ಕೆ ‘ಗೆಟ್‌ಸಿಎಚ್’. ಮೊದಲನೆಯದು ಹಿಂದಿನವರ ಔಟ್‌ಪುಟ್ ಒರೆಸಲಿಕ್ಕೆ, ಎರಡನೆಯದು ನಮ್ಮ ಔಟ್‌ಪುಟ್ ಮಾಯವಾಗದೆ ನಿಲ್ಲಲಿಕ್ಕೆ. ಎರಡೂ ಸಿ ಭಾಷೆಯ ಪ್ರಮಾಣಿತ ಲೈಬ್ರರಿಗೆ ಸೇರಿದವೇ ಅಲ್ಲ. ಇದನ್ನು ವೈವಾದಲ್ಲಿ ಹೇಳಿದವರು ಫೇಲು.

ಅಧ್ಯಾಯ 5: ಪಂಚಕ ಪ್ರಮೇಯ

ಈಗ ಪ್ರಬಂಧದ ಕೇಂದ್ರ ಸಮಸ್ಯೆ. ಪರಿಶೀಲಿಸಿದ ಪ್ರತಿಯೊಂದು ರೆಕಾರ್ಡಿನಲ್ಲೂ ಫ್ಯಾಕ್ಟೋರಿಯಲ್ ಪ್ರೋಗ್ರಾಮಿಗೆ ಕೊಟ್ಟ ಸಂಖ್ಯೆ 5. ಬಂದ ಉತ್ತರ 120. ಏಕೆ ಐದೇ?

ಪಂಚಭೂತ ವಾದಿಗಳಿದ್ದಾರೆ. ಪಂಚಾಕ್ಷರಿ ವಾದಿಗಳಿದ್ದಾರೆ. ಕೈಗೆ ಬೆರಳು ಐದೆಂಬ ಭೌತವಾದಿಗಳೂ ಇದ್ದಾರೆ. ಈ ಮೂರೂ ಪಂಥಗಳನ್ನು ಪೂರ್ವಪಕ್ಷವಾಗಿಟ್ಟು, ಖಂಡಿಸಿ, ಸಮನ್ವಯಗೊಳಿಸಿ ಮೂವತ್ತು ಪುಟ ಬೆಳೆಸಬಹುದಿತ್ತು. ಅಷ್ಟರಲ್ಲಿ ಮಾನ್ಯತಾ ಸಮಿತಿ ಬಂತು.

ಅಧ್ಯಾಯ 6: ಫಲಿತ ಜ್ಯೋತಿಷ್ಯ

ಸಮಿತಿ ಎಂದರೆ ಫೈಲು. ಫೈಲೆಂದರೆ ಕೋರ್ಸ್ ಔಟ್‌ಕಮ್ಮು, ಪ್ರೋಗ್ರಾಂ ಔಟ್‌ಕಮ್ಮು, ಇವೆರಡರ ನಡುವೆ ಸಿಓ-ಪಿಓ ಮ್ಯಾಪಿಂಗ್ ಎಂಬ ಕುಂಡಲಿ. ಪ್ರತಿ ಮನೆಯಲ್ಲೂ 1, 2, 3 ಇಲ್ಲವೇ ಒಂದು ಅಡ್ಡಗೆರೆ. ಫ್ಯಾಕ್ಟೋರಿಯಲ್ ಪ್ರೋಗ್ರಾಮಿಗೂ ಪರಿಸರ ಸುಸ್ಥಿರತೆಗೂ ಸಂಬಂಧವೆಷ್ಟು? ಹೆಚ್ಚಾದರೆ 3, ಕಡಿಮೆಯಾದರೆ 1. ನಾನು 2 ಎಂದು ಹಾಕಿದೆ. ಅದರ ಮೇಲೆ ಸರಾಸರಿ ತೆಗೆದು ದಶಮಾಂಶ ಎರಡು ಸ್ಥಾನದವರೆಗೆ ‘ಅಟೇನ್‌ಮೆಂಟ್’ ಲೆಕ್ಕ ಹಾಕಿದೆ.

ಪ್ರತಿ ಪ್ರಶ್ನೆಯ ಮುಂದೆ ಬ್ಲೂಮ್ ಮಟ್ಟವನ್ನೂ ನಮೂದಿಸಬೇಕು. ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞ ತನ್ನ ಸಂಗಡಿಗರೊಂದಿಗೆ 1956ರಲ್ಲಿ ಕಲಿಕೆಗೆ ಆರು ಮೆಟ್ಟಿಲು ಕಟ್ಟಿದ. 2001ರಲ್ಲಿ ಪರಿಷ್ಕಾರವಾದ ಮೇಲೆ ಅವು ನೆನಪಿಡು, ಅರ್ಥಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ಸೃಷ್ಟಿಸು. ನಮ್ಮ ಕಾಗದದ ಮೇಲೆ ಮಕ್ಕಳು ಆರನೆಯ ಮೆಟ್ಟಿಲಲ್ಲಿ ಕುಣಿಯುತ್ತಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕುಂಡಲಿಯನ್ನು ನಾನು ಹಾಕಿದ್ದು ಪಕ್ಕದ ಜಿಲ್ಲೆಯ ಕಾಲೇಜಿನ ಫೈಲು ನೋಡಿಕೊಂಡು. ಹನ್ನೆರಡನೆಯ ಪುಟದಲ್ಲಿ ಆ ಕಾಲೇಜಿನ ಹೆಸರು ಹಾಗೆಯೇ ಉಳಿದುಬಿಟ್ಟಿತ್ತು. ಅಂಕಿತ.

ಸಮಿತಿ ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಲ್ಯಾಬಿನ ಮೂಲೆಯಲ್ಲಿ ಕೂತು ಈ ಮನೆಗಳನ್ನು ತುಂಬುತ್ತಿದ್ದೆ. ಮೂರನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ಬಂದಳು. ಹತ್ತನೆಯವರೆಗೂ ಕನ್ನಡ ಮಾಧ್ಯಮ. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ.

“ಸಾರ್, ಎಂಟು ಕೊಟ್ರೆ ಮೈನಸ್ ಬರ್ತೈತೆ ಸಾರ್.”

“ಏನಮ್ಮ?”

“ಫ್ಯಾಕ್ಟೋರಿಯಲ್ ಸಾರ್. ಏಳರ ತನಕ ಸರಿಯಾಗ್ ಬರ್ತೈತೆ. ಎಂಟಕ್ಕೆ ಮೈನಸ್ ಇಪ್ಪತ್ತೈದು ಸಾವಿರದ ಇನ್ನೂರಾ ಹದಿನಾರು. ಮೂರ್ ಸಲ ಹಾಕ್ ನೋಡ್ದೆ. ಗುಣಾಕಾರ ಮಾಡಿದ್ರೆ ಮೈನಸ್ ಹೆಂಗ್ ಬರ್ತೈತೆ ಸಾರ್?”

ನಾನು ತಲೆಯೆತ್ತಲಿಲ್ಲ. “ಎಕ್ಸ್‌ಟರ್ನಲ್ ಬಂದಾಗ ಐದು ಕೊಡಮ್ಮ. ನೂರಿಪ್ಪತ್ತು ಬರುತ್ತೆ. ರೆಕಾರ್ಡಲ್ಲಿ ಹಾಗೇ ಇದೆಯಲ್ಲ.”

ಅವಳು ಹೋಗಿ ಕೂತಳು. ನಾನು ಪರಿಸರ ಸುಸ್ಥಿರತೆಯ ಮನೆಗೆ 2 ಹಾಕಿದೆ.

ನನಗೆ ಉತ್ತರ ಗೊತ್ತಿರಲಿಲ್ಲವೆಂದಾದರೆ ಇಷ್ಟು ಉರಿಯುತ್ತಿರಲಿಲ್ಲ. ಗೊತ್ತಿತ್ತು. ಹತ್ತು ನಿಮಿಷ ಸಾಕಿತ್ತು. ನಿಮ್ಮಪ್ಪನ ಹಳೇ ಲೂನಾದ ಮೀಟರ್ ನೋಡಿದ್ದೀಯಲ್ಲ, ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ತಿರುಗುತ್ತದಲ್ಲ, ಅದೇ ಇದು ಅನ್ನಬೇಕಿತ್ತು. ಟರ್ಬೊ ಸಿಯ ಪೂರ್ಣಾಂಕಕ್ಕೆ ಇರುವ ಜಾಗ ಎರಡೇ ಬೈಟು, ಹದಿನಾರು ಬಿಟ್ಟು. ಅದರಲ್ಲಿ ತುದಿಯ ಬಿಟ್ಟು ಪ್ಲಸ್ಸೋ ಮೈನಸ್ಸೋ ಹೇಳಲಿಕ್ಕೆ. ಹಿಡಿಸುವುದು 32767ರವರೆಗೆ. ಏಳರ ಫ್ಯಾಕ್ಟೋರಿಯಲ್ 5040, ಹಿಡಿಸುತ್ತದೆ. ಎಂಟರದು 40320, ಹಿಡಿಸದು. ಮೀಟರ್ ತಿರುಗಿ ಮೈನಸ್ಸಿನ ಕಡೆ ಬೀಳುತ್ತದೆ. 40320ರಲ್ಲಿ 65536 ಕಳೆ, ನಿನ್ನ ಉತ್ತರ ಬರುತ್ತದೆ ಅನ್ನಬೇಕಿತ್ತು. ಅವಳು ಕಳೆಯುತ್ತಿದ್ದಳು. ಬಂದದ್ದು ನೋಡಿ ಅವಳ ಮುಖ ಹೇಗಾಗುತ್ತಿತ್ತೋ ಅದನ್ನು ನಾನು ನೋಡಲಿಲ್ಲ.

ಇಷ್ಟೇ ಅಲ್ಲ, ಅರಿಯಾನ್ 5ರ ಕಥೆಯನ್ನೂ ಹೇಳಬಹುದಿತ್ತು. 1996ರ ಜೂನ್ 4ರಂದು ಯುರೋಪಿನ ಆ ಹೊಸ ರಾಕೆಟ್ಟು ಮೊದಲ ಸಲ ಮೇಲೆದ್ದು ಸುಮಾರು 40 ಸೆಕೆಂಡಿಗೆ ಚೂರುಚೂರಾಯಿತು. ದೊಡ್ಡ ಸಂಖ್ಯೆಯೊಂದನ್ನು ಇದೇ ಹದಿನಾರು ಬಿಟ್ಟಿನ ಡಬ್ಬಿಗೆ ತುರುಕಲು ಹೋಗಿತ್ತು ಅದರ ಸಾಫ್ಟ್‌ವೇರು. ಆ ಸಾಫ್ಟ್‌ವೇರು ಬಂದದ್ದು ಅರಿಯಾನ್ 4ರಿಂದ. ಹಳೆಯದರ ವೇಗಕ್ಕೆ ಡಬ್ಬಿ ಸಾಕಿತ್ತು, ಹೊಸದಕ್ಕೆ ಸಾಲಲಿಲ್ಲ. ಹೊಸ ವೇಗದಲ್ಲಿ ಓಡಿಸಿ ನೋಡಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸೀನಿಯರ್ ರಾಕೆಟ್ಟಿನ ರೆಕಾರ್ಡನ್ನು ಜೂನಿಯರ್ ರಾಕೆಟ್ಟು ನೋಡಿ ಬರೆದಿತ್ತು.

ಪಂಚಕ ಪ್ರಮೇಯಕ್ಕೆ ಉತ್ತರ ಸಿಕ್ಕಿತಲ್ಲ. ಐದು ಯಾಕೆಂದರೆ, ಐದರಲ್ಲಿ ಏನೂ ಒಡೆಯುವುದಿಲ್ಲ. ಐದು ಕೊಟ್ಟವನನ್ನು ಯಾರೂ ಏನೂ ಕೇಳುವುದಿಲ್ಲ, ಅವನೂ ಯಾರನ್ನೂ ಕೇಳಬೇಕಿಲ್ಲ. ಒಂದು ಇಡೀ ಶಿಕ್ಷಣ ವ್ಯವಸ್ಥೆ ಒಡೆಯದ ಸಂಖ್ಯೆಯನ್ನು ಹುಡುಕಿಕೊಂಡು ಅದರ ನೆರಳಲ್ಲಿ ಕೂತಿದೆ. ಹುಡುಗಿ ಒಬ್ಬಳೇ ತಾನಾಗಿ ನಾಲ್ಕನೆಯ ಮೆಟ್ಟಿಲಿಗೆ ಹತ್ತಿ ಬಂದರೆ, ಮೆಟ್ಟಿಲುಗಳ ಪಟ್ಟಿ ಬರೆಯುತ್ತಿದ್ದ ಮೇಷ್ಟ್ರು ಅವಳನ್ನು ಮೊದಲನೆಯದಕ್ಕೆ ತಳ್ಳುತ್ತಾನೆ. ಇದಕ್ಕೆ ಯಾವ ಔಟ್‌ಕಮ್ ನಂಬರ್ ಹಾಕುವುದು? ಸಮಿತಿಯವರು ನನ್ನ ಫೈಲನ್ನು ಮೆಚ್ಚಿದರು. ಅಂದವಾಗಿದೆ ಎಂದರು.

ಈಗ ಪೈಥಾನ್ ಬಂದಿದೆ. ಅದರಲ್ಲಿ ಡಬ್ಬಿ ತಾನಾಗಿ ಹಿಗ್ಗುತ್ತದೆ. ಎಂಟಿರಲಿ, ನೂರರ ಫ್ಯಾಕ್ಟೋರಿಯಲ್ ಕೂಡ 158 ಅಂಕಿಗಳ ಸಮೇತ ಸರಿಯಾಗಿ ಬರುತ್ತದೆ. ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅದರಲ್ಲಿ ಅರ್ಥವಿದೆ; ಬಸ್ಸಿನಲ್ಲಿ ಕೂತು ಬರೆದರೆ ಆ ಅರ್ಥ ಏನಾಗುತ್ತದೋ ಲಿಪಿಕಾರರೇ ಹೇಳಬೇಕು. ಮೊನ್ನೆ ಈ ವರ್ಷದ ರೆಕಾರ್ಡುಗಳು ಸಹಿಗೆ ಬಂದವು. ಫ್ಯಾಕ್ಟೋರಿಯಲ್ ಪುಟ ತೆರೆದೆ. 5. 120. ಪೆನ್ಸಿಲಿನಲ್ಲಿ.

ಉಪಸಂಹಾರ

‘ಈ ವಿಷಯದಲ್ಲಿ ಹೆಚ್ಚಿನ ಸಂಶೋಧನೆಗೆ ಅವಕಾಶವಿದೆ’ ಎಂದು ಮುಗಿಸುವುದು ಪದ್ಧತಿ. ಸಂಶೋಧನೆ ಆಗಿಹೋಗಿತ್ತು, ಮೂರನೆಯ ಸಾಲಿನ ಎರಡನೆಯ ಕಂಪ್ಯೂಟರಿನಲ್ಲಿ. ಮೂರ್ ಸಲ ಹಾಕಿಯೂ ನೋಡಿದ್ದಳು.