ಬೊಂಬೆ ಊರಿಗೆ ಬಂದ ಡ್ಯಾಶ್‌ಬೋರ್ಡ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ರೆವಿನ್ಯೂ ಆಪರೇಷನ್ಸ್ ಮ್ಯಾನೇಜರ್ ಸಾಹೇಬರಿಗೆ,

ಚನ್ನಪಟ್ಟಣದಿಂದ ನಮಸ್ಕಾರ. ನಮ್ಮೂರಿನ ಬೊಂಬೆ ಮಾರುವ ಕಂಪನಿಯೊಂದಕ್ಕೆ ತಾವು ಬೆಂಗಳೂರಿನಿಂದ ಬಂದಿಳಿದು, ಮಾರ್ಕೆಟಿಂಗು, ಸೇಲ್ಸು, ಅಕೌಂಟ್ಸು ಮೂರನ್ನೂ ಒಂದೇ ತೆರೆಯ ಮೇಲೆ ಕೂರಿಸುವ ಹೊಣೆ ಹೊತ್ತಿದ್ದೀರೆಂದು ಕೇಳಿ ಪರಮ ಸಂತೋಷವಾಯಿತು. ಇದು ತಮ್ಮ ಮೊದಲ ಪ್ರಾಜೆಕ್ಟ್ ಅಂತೆ. ಮೊದಲ ವಾರವೇ ಸಾಫ್ಟ್‌ವೇರ್ ಖರೀದಿಯೂ ಆಯಿತಂತೆ. ಬಹಳ ಒಳ್ಳೆಯದು. ಔಷಧಿ ತಂದಿಟ್ಟುಕೊಂಡರೆ ಕಾಯಿಲೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ.

ಅಂಗಡಿಗಳ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಾನು ತಮಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ತಮ್ಮ ಸಾಧನೆಗಳನ್ನು ಕಂಡು ಸುಮ್ಮನಿರಲಾರದೆ ನಾಲ್ಕು ಮಾತು ಬರೆಯುತ್ತಿದ್ದೇನೆ, ಅಷ್ಟೇ.

ಮೊದಲ ಸಾಧನೆ ಗ್ರಾಹಕರ ಪಟ್ಟಿ. ಹಳೇ ರಿಜಿಸ್ಟರುಗಳನ್ನೆಲ್ಲ ಒಂದು ಕಡೆಯಿಂದ ಕಂಪ್ಯೂಟರಿಗೆ ಸುರಿಸಿದಿರಿ. ನಮ್ಮ ಜಿಲ್ಲೆಯ ಸಮಾಚಾರ ತಮಗೆ ಯಾರೂ ಹೇಳಿರಲಿಲ್ಲವೇನೋ. 2007ರವರೆಗೆ ನಾವು ಬೆಂಗಳೂರು ಗ್ರಾಮಾಂತರದವರು. ಆ ವರ್ಷ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೀಗಾಗಿ ಮಾಗಡಿಯ ಒಬ್ಬನೇ ಅಂಗಡಿಯವನು ತಮ್ಮ ಸಿಆರ್‌ಎಂ ಎಂಬ ಗ್ರಾಹಕರ ಸಾಫ್ಟ್‌ವೇರಿನಲ್ಲಿ ಮೂರು ಜಿಲ್ಲೆಯ ಮೂವರು ಗ್ರಾಹಕರಾಗಿ ಕೂತಿದ್ದಾನೆ. ಒಬ್ಬ ಬಾಕಿ ಉಳಿಸಿಕೊಂಡವನು, ಒಬ್ಬ ಮುಂಗಡ ಕೊಟ್ಟವನು, ಮೂರನೆಯವನಿಗೆ ‘ಹೊಸ ಲೀಡ್’ ಎಂದು ಶುಭಾಶಯದ ಎಸ್ಸೆಮ್ಮೆಸ್ಸು. ಗ್ರಾಹಕರ ಸಂಖ್ಯೆ ಏರಿದ್ದನ್ನು ಕಂಡು ಮಾಲೀಕರು ಸ್ವೀಟ್ ಹಂಚಿದರು. ನನಗೂ ಒಂದು ಮೈಸೂರು ಪಾಕು ಸಿಕ್ಕಿತು. ಸುಳ್ಳು ಹೇಳಬಾರದು, ಚೆನ್ನಾಗಿತ್ತು.

ಎರಡನೆಯದು ಮುಂದಿನ ತ್ರೈಮಾಸಿಕದ ಫೋರ್‌ಕಾಸ್ಟು. ಸೇಲ್ಸಿನ ಹುಡುಗ ಫೋನಿನಲ್ಲಿ ‘ಹೂಂ’ ಅನ್ನಿಸಿಕೊಂಡ ಕೂಡಲೇ ಆರ್ಡರ್ ಎಂದು ಬರೆದುಕೊಳ್ಳುತ್ತಾನೆ. ಅಕೌಂಟ್ಸಿನವರು ದುಡ್ಡು ಬ್ಯಾಂಕಿಗೆ ಬೀಳುವವರೆಗೆ ಯಾವ ಆರ್ಡರನ್ನೂ ನಂಬುವುದಿಲ್ಲ. ಇವರಿಬ್ಬರ ನಡುವೆ ಲೇತಿನ ಮುಂದೆ ಕೂತ ಕೆಲಸಗಾರನಿದ್ದಾನೆ. ಆಲೆಮರ ತಂದ ದಿನವೇ ಬೊಂಬೆಯಾಗುವುದಿಲ್ಲ. ತಿಂಗಳುಗಟ್ಟಲೆ ಒಣಗಬೇಕು. ಹಸಿ ಮರ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿಯಿಂದ ಆಕಾರ ತೆಗೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ಕೇದಗೆ ಗರಿ ಒತ್ತಿದಾಗಲೇ ಆ ಹೊಳಪು. ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿರುವುದು ಈ ಕಸುಬಿಗೆ. ತಮ್ಮ ಫೋರ್‌ಕಾಸ್ಟಿನಲ್ಲಿ ಮರ ಒಣಗಲು ಒಂದು ಕಾಲಂ ಕೂಡ ಇಲ್ಲ. ಮರಕ್ಕೆ ಲಾಗಿನ್ ಐಡಿ ಕೊಟ್ಟಿಲ್ಲವಲ್ಲ, ಅದು ತನ್ನ ಮಾಹಿತಿ ತುಂಬುವುದಾದರೂ ಹೇಗೆ?

ಎಲ್ಲರೂ ಒಂದೇ ಲೆಕ್ಕ ಹಿಡಿಯುವುದು ಹೇಗೆಂದು ನೋಡಲು, ಬಿಡುವಿದ್ದರೆ ಒಂದು ಬೆಳಿಗ್ಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಬನ್ನಿ. ಅಲ್ಲಿ ರೆವಿನ್ಯೂ ಆಪರೇಷನ್ಸ್ ಎಂಬ ಬೋರ್ಡಿಲ್ಲ, ತಮಗೆ ಬೇಸರವಾದೀತು. ಕನಕಪುರ, ಮಾಗಡಿ ಕಡೆಯಿಂದಲೂ ಹೊರ ಜಿಲ್ಲೆಗಳಿಂದಲೂ ಬಂದ ರೈತರು ಗೂಡನ್ನು ಜಾಲರಿಗೆ ಸುರಿಯುತ್ತಾರೆ. ಲಾಟಿಗೊಂದು ನಂಬರು. ನೂಲು ತೆಗೆಯುವ ರೀಲರುಗಳು ಸಾಲಿನಲ್ಲಿ ನಡೆಯುತ್ತಾ ಹಿಡಿ ಗೂಡು ಎತ್ತುತ್ತಾರೆ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳು ಗಟ್ಟಿಯಾಗಿದ್ದರೆ ಗಿಲಿಗಿಲಿ ಸದ್ದು. ಸತ್ತು ಕೊಳೆತು ಅಂಟಿದ್ದರೆ ಸದ್ದಿಲ್ಲ, ರೇಟೂ ಇಲ್ಲ. ಹಿಂದೆ ಕೂಗಿ ಹರಾಜು ಮಾಡುತ್ತಿದ್ದರು. ಈಗ ಮೊಬೈಲಿನಲ್ಲಿ ಇ-ಹರಾಜು. ಬಿದ್ದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಅನ್ನುವ ಹಕ್ಕು ರೈತನದು. ಒಪ್ಪಿದರೆ ತೂಕ, ಆಮೇಲೆ ದುಡ್ಡು. ಹರಾಜಿಗೂ ತಕ್ಕಡಿಗೂ ಹಣಕ್ಕೂ ಅದೇ ಲಾಟ್ ನಂಬರು. ರೈತ, ರೀಲರ್, ಮಾರುಕಟ್ಟೆಯವರು ಜಗಳವಾಡುವುದಿದ್ದರೂ ಒಂದೇ ಅಂಕಿಯ ಮೇಲೆ ಜಗಳವಾಡುತ್ತಾರೆ. ತಮ್ಮ ಕಂಪನಿಯ ಸೋಮವಾರದ ಮೀಟಿಂಗಿನಲ್ಲಿ ಮೂವರೂ ಮೂರು ಅಂಕಿ ಹಿಡಿದು ಕೂರುವುದನ್ನು ಕಂಡವನಿಗೆ ಆ ಜಗಳವೂ ಸಂಗೀತದಂತೆ ಕೇಳಿಸುತ್ತದೆ.

ಗಮನಿಸಿ, ಹರಾಜು ಮೊಬೈಲಿಗೆ ಬಂದರೂ ರೀಲರ್ ಗೂಡು ಅಲ್ಲಾಡಿಸುವುದನ್ನು ಬಿಟ್ಟಿಲ್ಲ. ‘ಸದ್ದಿನ ಗುಣಮಟ್ಟ’ ಎಂಬ ಕಡ್ಡಾಯ ಕಾಲಂ ತುಂಬು ಎಂದು ಯಾರೂ ಅವನನ್ನು ಪೀಡಿಸಿದ್ದಿಲ್ಲ. ತಾವಾದರೋ ಪ್ರತಿ ಆರ್ಡರಿಗೂ ಕೆಂಪು ನಕ್ಷತ್ರದ ಕಾಲಂಗಳ ಮಾಲೆಯನ್ನೇ ಹಾಕಿದ್ದೀರಿ. ಸೇಲ್ಸಿನ ಹುಡುಗರು ಜಾಣರು, ಎಲ್ಲದಕ್ಕೂ ‘ಇತರೆ’ ಒತ್ತಿ ಮುಂದೆ ಹೋಗುತ್ತಾರೆ. ಕಳೆದ ವಾರದ ವರದಿಯಂತೆ ನಮ್ಮ ಅತಿ ದೊಡ್ಡ ಮಾರುಕಟ್ಟೆಯೇ ಇತರೆ.

ಇನ್ನೊಂದು ಮಾತು. ಗೂಡು ಕಾಯುವ ಮಾಲಲ್ಲ. ಕೆಲವೇ ದಿನದಲ್ಲಿ ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ತೆಗೆಯಲು ಬಾರದು. ಅದಕ್ಕೇ ಅಲ್ಲಿ ಎಲ್ಲರಿಗೂ ಅವಸರ. ತಮ್ಮ ಸೇಲ್ಸ್ ಪೈಪ್‌ಲೈನಿನಲ್ಲಿ ಹೋದ ದಸರೆಯ ವಿಚಾರಣೆಗಳು ಇನ್ನೂ ‘ಮಾತುಕತೆ ಹಂತ’ದಲ್ಲಿ ನೆಮ್ಮದಿಯಾಗಿ ಮಲಗಿವೆ. ಅವುಗಳಿಂದ ಯಾವ ಚಿಟ್ಟೆಯೂ ಹೊರಡಲಿಲ್ಲ, ಪುಣ್ಯ.

ಇನ್ನು ತಮ್ಮ ಪ್ರಸಿದ್ಧ ಗ್ರಾಫಿಗೆ ಬರೋಣ. ಅಂಗಡಿಗೆ ಬರುವವರು 2023ರಿಂದ ಕಡಿಮೆಯಾಗಿದ್ದಾರೆ, ಕಾರಣ ಕೌಂಟರಿನ ಸಿಬ್ಬಂದಿಯಲ್ಲಿ ಉತ್ಸಾಹದ ಕೊರತೆ ಎಂದು ಕಂಡುಹಿಡಿದಿರಿ. ಅದ್ಭುತ. ಆ ವರ್ಷ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಕ್ಕೂ ಬೈಪಾಸು. ಅದಕ್ಕೆ ಮೊದಲು ಮೈಸೂರಿಗೆ ಹೊರಟ ಕಾರುಗಳು ಊರೊಳಗಿಂದಲೇ ಹಾದು ಹೋಗಬೇಕಿತ್ತು. ಅಂಗಡಿ ಮುಂದೆ ನಿಲ್ಲಿಸಿದ ಮರಗುದುರೆ ಕಂಡು ಹಿಂದಿನ ಸೀಟಿನ ಮಗು ರಚ್ಚೆ ಹಿಡಿಯುತ್ತಿತ್ತು, ಅಪ್ಪ ಬ್ರೇಕ್ ಹಾಕುತ್ತಿದ್ದ. ನಮ್ಮ ಇಡೀ ಮಾರ್ಕೆಟಿಂಗ್ ವಿಭಾಗ ಆ ಮಗುವೇ. ಈಗ ಆ ಮಗು ಊರಾಚೆ ನೂರರ ವೇಗದಲ್ಲಿ ನಿದ್ದೆ ಮಾಡುತ್ತಾ ಮೈಸೂರು ಸೇರುತ್ತಿದೆ. ಒಳಗೆ ಬಂದವರಲ್ಲಿ ಎಷ್ಟು ಜನ ಕೊಂಡರು ಎಂಬ ಲೆಕ್ಕವನ್ನು ಬೇರೆ ತೆಗೆದಿದ್ದರೆ ಕೌಂಟರಿನವರ ಮಾನ ಉಳಿಯುತ್ತಿತ್ತು. ಕೌಂಟರಿನ ಆ ಹೆಂಗಸರಿಗೆ ತಾವು ಏರ್ಪಡಿಸಿದ ‘ಉತ್ಸಾಹ ಶಿಬಿರ’ದ ಖರ್ಚು ನನ್ನ ಪುಸ್ತಕದಲ್ಲಿದೆ. ಯಾವ ಬಾಬ್ತಿಗೆ ಹಾಕಲಿ ಎಂದು ಕೇಳಿದೆ, ‘ಇತರೆ’ ಅಂದರು.

ತಾವು ನನ್ನನ್ನು ಕೇಳಿಲ್ಲ, ಕೇಳಿದ್ದರೆ ಹೀಗೆ ಹೇಳುತ್ತಿದ್ದೆ: ಒಂದೇ ಬಗೆಯ ಮಾಲು ಹಿಡಿಯಿರಿ, ಮಕ್ಕಳ ಗಿಲಕಿಯೇ ಆಗಲಿ. ಮಾಲು ಹೊರಟ ದಿನದಿಂದ ದುಡ್ಡು ಕೈಸೇರಿದ ದಿನದವರೆಗೆ ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆರ್ಡರ್ ಯಾವಾಗ ಆರ್ಡರ್ ಆಗುತ್ತದೆ ಎಂದು ಮೂರೂ ವಿಭಾಗದವರನ್ನು ಒಂದು ಬೆಂಚಿನ ಮೇಲೆ ಕೂರಿಸಿ ಒಪ್ಪಿಸಿ. ಆ ಬೆಂಚಿನಲ್ಲಿ ಲೇತಿನವನಿಗೂ ಜಾಗ ಇರಲಿ. ಸಾಫ್ಟ್‌ವೇರ್ ಆಮೇಲೆ. ಇಷ್ಟು ಸಣ್ಣ ಕೆಲಸ ತಮ್ಮ ಹುದ್ದೆಗೆ ಕಮ್ಮಿಯಾದೀತು, ಅದನ್ನು ಬಲ್ಲೆ. ಮಾಲೀಕರಿಗೆ ತೋರಿಸಲು ಬಣ್ಣದ ಚಾರ್ಟೂ ಬರುವುದಿಲ್ಲ.

ಕೊನೆಗೊಂದು ಕೋರಿಕೆ. ಕುಶಲಕರ್ಮಿಗಳಿಗೆ ಹೊಸ ಆ್ಯಪಿನ ಟ್ರೈನಿಂಗನ್ನು ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಇಟ್ಟಿದ್ದೀರಿ. ಆ ಹೊತ್ತಿಗೆ ಅವರಲ್ಲಿ ಅರ್ಧ ಜನ ನಮಾಜಿಗೆ ಹೋಗಿರುತ್ತಾರೆ. ಶನಿವಾರ ಬೆಳಿಗ್ಗೆ ಬನ್ನಿ, ಎಲ್ಲರೂ ಸಿಗುತ್ತಾರೆ. ಪ್ರೊಜೆಕ್ಟರ್ ಮಾತ್ರ ತರಬೇಡಿ. ಅಲ್ಲಿರುವ ಒಂದೇ ಪ್ಲಗ್ಗಿಗೆ ಲೇತ್ ಸಿಕ್ಕಿಸಿದ್ದಾರೆ.

ಇಂತಿ ತಮ್ಮ ವಿಧೇಯ,
ಚನ್ನಪಟ್ಟಣದ ಒಬ್ಬ ಲೆಕ್ಕದ ಗುಮಾಸ್ತ