ಕಿರಾಯಾ ಎಷ್ಟ್ರಿ ಕಾಕಾ?

ಹುಡಗಿ ಎಂಬ ಊರಿನಲ್ಲಿ ಬಾಡಿಗೆಗೆಂದೇ ಮನೆ ಕಟ್ಟಿಸಿದ ಕಾಕಾನ ಲೆಕ್ಕ ಸಿಮೆಂಟಿನಿಂದ ಶುರು. "ಮೂವತ್ತು ಲಕ್ಷ ಸುರುವೀನಿ. ನೂರಕ್ಕ ಏಳರಂಗ ಬ್ಯಾಂಕಿನ್ಯಾಗ ಇಟ್ಟಿದ್ರ ತಿಂಗಳಾ 17,500 ಬರ್ತಿತ್ತು!"

ಬಾಡಿಗೆದಾರನಿಗೆ ಆ ಸಿಮೆಂಟಿನ ಗೊಡವೆ ಯಾಕೆ? ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗ ಕೇಳುವುದು ಎರಡೇ: ಬೇಸಿಗೆಯಲ್ಲೂ ಬೋರಿಗೆ ನೀರಿರ್ತದೇನ್ರಿ, ಬೈಕ್ ಒಳಗ ನಿಲ್ತದೇನ್ರಿ. ಬೆಲೆ ಕಟ್ಟುವುದು ಪಕ್ಕದ ಮನೆಯ ಬಾಡಿಗೆ. ಕಾಕಾನ ಪಾಸ್‌ಬುಕ್ ಅಲ್ಲ.

ಕಾಕಾ ಹಲ್ಲು ಕಚ್ಚಿ ಆರು ಸಾವಿರಕ್ಕಿಳಿದ. ಹುಡುಗ ಐದೂವರೆ ಅಂದ. "ಐನೂರು ಬಿಡೂದಿಲ್ಲ!" ಮನೆಗೆ ಬೀಗ ಬಿತ್ತು.

ಒಳಗಿಂದ ಕಾಕಿ, "ಒಂದು ತಿಂಗಳಾ ಖಾಲಿ ಬಿದ್ರ 6,000 ಗುಣಿಲೆ 11, ಅಂದ್ರ 66,000. ಈಗೇ ಕೊಟ್ರ 5,500 ಗುಣಿಲೆ 12. ಅದೂ ಅಷ್ಟೇ ಅಲ್ಲೇನ್ರಿ?" ಎಂದಳು. ಎರಡನೇ ತಿಂಗಳೂ ಖಾಲಿ ಬಿದ್ದರೆ ಲುಕ್ಸಾನೇ.

ಕಾಕಾ ಮಾತು ತಿರುಗಿಸಿ ಕರಾರುಪತ್ರದ ಕಡೆ ಹೊರಳಿದ. 1908ರ ನೋಂದಣಿ ಕಾಯ್ದೆಯಲ್ಲಿ ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಅದಕ್ಕೇ ದೇಶದ ತುಂಬ ಹನ್ನೊಂದು ತಿಂಗಳ ಕರಾರು. ಷರತ್ತು ಹದಿನಾಲ್ಕು ಬರೆಸಿದ: ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಹತ್ತರ ಮೇಲೆ ಮೋಟಾರು ಹಾಕಬಾರದು...

ಸಹಿ ಹಾಕಲು ಮಾತ್ರ ಇನ್ನೂ ಯಾರೂ ಬಂದಿಲ್ಲ.